ಇನ್ನೊಂದು ಪ್ರತಿ ಎಲ್ಲಿದೆ?

ಮನೆಯ ಫೋಟೊ, ಹಾಡು, ವಿಡಿಯೊಗಳನ್ನು ಇಂಟರ್‌ನೆಟ್ ಮೂಲಕ ದೂರದಲ್ಲಿ ಕಾಪಿಡುವ ಸೇವೆಗಳಿಗೆ ಈಗ ಕಾಲು ಶತಮಾನಕ್ಕೂ ಹೆಚ್ಚಿನ ಚರಿತ್ರೆ ಇದೆ. ಯಾವ ಸೇವೆಯನ್ನು ಆರಿಸಬೇಕು ಎಂಬ ಪ್ರಶ್ನೆಗೆ, ಬಾಳಿದ ಸೇವೆಗಳಿಗಿಂತ ಬಾಗಿಲು ಮುಚ್ಚಿದ ಸೇವೆಗಳೇ ಚೆನ್ನಾಗಿ ಉತ್ತರ ಹೇಳುತ್ತವೆ.

ಹತ್ತನೆಯ ಶತಮಾನದಲ್ಲಿ ಪೊನ್ನ ಕವಿ ಬರೆದ ‘ಶಾಂತಿಪುರಾಣ’ ಒಂದು ರೀತಿಯಲ್ಲಿ ಮನೆತನದ ಕಾವ್ಯ. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಅದನ್ನು ಬರೆಸಿದರು. ಈ ಮಲ್ಲಪನ ಮಗಳೇ ಅತ್ತಿಮಬ್ಬೆ. ಮನೆಯವರು ಬರೆಸಿದ ಕೃತಿ ಮರೆಯಾಗಬಾರದೆಂದು ಆಕೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂಬುದು ಕನ್ನಡ ಮಕ್ಕಳು ಶಾಲೆಯಲ್ಲೇ ಕೇಳುವ ಕಥೆ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯ ಮೇಲೂ ಲಿಪಿಕಾರ ಕಂಟ ಹಿಡಿದು ಕೊರೆಯಬೇಕು. ಅಂಥ ದಿನಗಳಲ್ಲಿ ಸಾವಿರ ಪ್ರತಿ ಎಂದರೆ ಒಂದು ದೇವಾಲಯ ಕಟ್ಟಿಸಿದಷ್ಟೇ ದೊಡ್ಡ ಕೆಲಸ.

ಈ ದಾನವನ್ನು ನಾವು ಸಾಹಿತ್ಯ ಪ್ರೇಮದ ಗುರುತಾಗಿ ಹೊಗಳುತ್ತೇವೆ. ಅದರ ಹಿಂದೆ ಒಂದು ವ್ಯವಹಾರ ಜ್ಞಾನವೂ ಇದೆ. ಓಲೆಗರಿಗೆ ಗೆದ್ದಲು, ತೇವ, ಬೆಂಕಿ ಎಲ್ಲವೂ ಶತ್ರುಗಳೇ. ಒಂದು ಪ್ರತಿಯನ್ನು ಎಷ್ಟೇ ಜೋಪಾನ ಮಾಡಿದರೂ ಅದಕ್ಕೊಂದು ಕೊನೆ ಇದ್ದೇ ಇದೆ. ನೂರು ಊರುಗಳಿಗೆ ಹೋದ ಪ್ರತಿಗಳೆಲ್ಲ ಒಂದೇ ದಿನ ಹಾಳಾಗುವುದಿಲ್ಲ.

ಇದಕ್ಕೆ ಎದುರು ತುದಿಯ ಕಥೆ ಮೂಡಬಿದಿರೆಯದು. ಜೈನರ ಪರಮ ಪವಿತ್ರ ಗ್ರಂಥಗಳಲ್ಲೊಂದಾದ ‘ಷಟ್ಖಂಡಾಗಮ’ ಮತ್ತು ಅದರ ‘ಧವಳಾ’ ಟೀಕೆಯ ತಾಳೆಗರಿ ಪ್ರತಿಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದವು. ಗರಿಗಳು ಪುಡಿಯಾಗತೊಡಗಿದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡಿಸುವ ಕೆಲಸ ಶುರುವಾಗಿ ಸುಮಾರು ಕಾಲು ಶತಮಾನ ನಡೆಯಿತು. ನಕಲು ಕೂಡ ಮಠದ ಹೊರಗೆ ಹೋಗುವಂತಿರಲಿಲ್ಲ. ಆದರೆ ನಕಲಿಗೆ ನಿಯುಕ್ತರಾಗಿದ್ದ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿಂದ ಮತ್ತಷ್ಟು ಪ್ರತಿಗಳು ಹೊರಟವು. ಹೀಗೆ ಹರಡಿದ ಪ್ರತಿಗಳ ಆಧಾರದಿಂದಲೇ ವಿದ್ವಾಂಸ ಹೀರಾಲಾಲ್ ಜೈನ್ 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಬಂದವು.

ಬಸದಿಯ ಕಾವಲು ಇಲ್ಲದಿದ್ದರೆ ಗ್ರಂಥ ಉಳಿಯುತ್ತಿರಲಿಲ್ಲ ನಿಜ. ಹೊರಗೆ ಹೋದ ಪ್ರತಿ ಇಲ್ಲದಿದ್ದರೆ ಅದು ಆ ಕಾಲಕ್ಕೆ ಓದುಗರ ಕೈ ಸೇರುತ್ತಿರಲಿಲ್ಲ. ಕಾವಲೂ ಬೇಕು, ಬೇರೆ ಊರಿನಲ್ಲೊಂದು ಪ್ರತಿಯೂ ಬೇಕು. ಕಂಪ್ಯೂಟರ್ ಯುಗ ಇದಕ್ಕೆ ಇಟ್ಟ ಹೆಸರು ‘ಬ್ಯಾಕಪ್’.

ಟ್ರಂಕಿನಿಂದ ಡಿಸ್ಕಿಗೆ

ಒಂದು ತಲೆಮಾರಿನ ಹಿಂದೆ ಮನೆಯ ನೆನಪುಗಳು ಟ್ರಂಕಿನಲ್ಲಿರುತ್ತಿದ್ದವು. ಮದುವೆಯ ಆಲ್ಬಂ, ಅಜ್ಜ ಹಾಡಿದ ದೇವರನಾಮದ ಕ್ಯಾಸೆಟ್, ಗೃಹಪ್ರವೇಶದ ವಿಡಿಯೊ ಟೇಪ್. ಅವಕ್ಕೂ ಗೊತ್ತಿಲ್ಲದೆಯೇ ಒಂದು ರಕ್ಷಣೆ ಇತ್ತು. ಫೋಟೊದ ನೆಗೆಟಿವ್ ಊರಿನ ಸ್ಟುಡಿಯೊದಲ್ಲಿ ಇರುತ್ತಿತ್ತು. ಅದೇ ಚಿತ್ರದ ಪ್ರಿಂಟು ಹುಬ್ಬಳ್ಳಿಯ ಅತ್ತೆಯ ಮನೆಯಲ್ಲೋ ಮುಂಬೈಯ ಮಾವನ ಮನೆಯಲ್ಲೋ ಗೋಡೆಯ ಮೇಲೆ ತೂಗುತ್ತಿತ್ತು. ಟ್ರಂಕಿಗೆ ನೀರು ನುಗ್ಗಿದರೂ ಮದುವಣಗಿತ್ತಿಯ ಮುಖ ಎಲ್ಲಾದರೂ ಒಂದು ಕಡೆ ಉಳಿದಿರುತ್ತಿತ್ತು.

ಪ್ರತಿಗಳು ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ನಾಡಿನ ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರ ಅಭಿನಯದ ಬಗ್ಗೆ ಬರೆದದ್ದನ್ನು ಓದಬಹುದಷ್ಟೇ, ನೋಡುವಂತಿಲ್ಲ.

ಡಿಜಿಟಲ್ ಕ್ಯಾಮೆರಾ, ಆಮೇಲೆ ಕ್ಯಾಮೆರಾ ಫೋನ್ ಬಂದಾಗ ಚಿತ್ರಗಳ ಸಂಖ್ಯೆ ಸಾವಿರ ಪಟ್ಟು ಏರಿತು. ಅವುಗಳ ವಿಳಾಸ ಮಾತ್ರ ಒಂದೇ ಆಯಿತು. ಮಗುವಿನ ಮೊದಲ ಹೆಜ್ಜೆ, ತೀರಿಕೊಂಡ ತಾಯಿಯ ಕೊನೆಯ ಧ್ವನಿ ಸಂದೇಶ, ಕಳೆದ ವರ್ಷದ ಪ್ರವಾಸ ಎಲ್ಲವೂ ಜೇಬಿನಲ್ಲಿರುವ ಒಂದೇ ಸಾಧನದಲ್ಲಿ ಅಥವಾ ಮೇಜಿನ ಮೇಲಿನ ಒಂದೇ ಡಿಸ್ಕಿನಲ್ಲಿ. ಫೋನ್ ಬಸ್ಸಿನಲ್ಲಿ ಕಳೆದರೆ, ಡಿಸ್ಕ್ ಕೆಳಗೆ ಬಿದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಡಿಸ್ಕುಗಳು ಎಷ್ಟರಮಟ್ಟಿಗೆ ನಂಬಲರ್ಹ? ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಸಂಸ್ಥೆ ತನ್ನ ಲಕ್ಷಾಂತರ ಡಿಸ್ಕುಗಳ ಸಾವಿನ ಲೆಕ್ಕವನ್ನು ಪ್ರಕಟಿಸುತ್ತದೆ. 2024ರ ಲೆಕ್ಕದಂತೆ ವರ್ಷಕ್ಕೆ ನೂರರಲ್ಲಿ ಸುಮಾರು ಒಂದೂವರೆ ಕೆಡುತ್ತವೆ. ಅದು ಹವಾನಿಯಂತ್ರಿತ ಕೊಠಡಿಯಲ್ಲಿ, ಸ್ಥಿರ ವಿದ್ಯುತ್ತಿನಲ್ಲಿ, ಕದಲದೆ ಕುಳಿತ ಡಿಸ್ಕುಗಳ ಮಾತು. ಮಿಂಚು, ಧೂಳು, ಕರೆಂಟಿನ ಏರಿಳಿತಗಳ ನಡುವೆ ಬದುಕುವ ಮನೆಯ ಡಿಸ್ಕಿಗೆ ಅಷ್ಟು ಸುಖವಿಲ್ಲ.

ಮನೆಗೆ ಒಯ್ದ ಕಂಪ್ಯೂಟರ್

ಪ್ರತಿ ಇದೆ ಎಂದು ನಂಬಿ ಕೂರುವುದೂ ಅಪಾಯ. ಇದನ್ನು ಜಗತ್ತಿಗೆ ಕಲಿಸಿದ್ದು ಮಕ್ಕಳ ಚಲನಚಿತ್ರವೊಂದು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕೆಲಸ ನಡೆದಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಕಡತಗಳು ಕಣ್ಣೆದುರೇ ಅಳಿಸಿಹೋಗತೊಡಗಿದವು. ಯಂತ್ರದ ಪ್ಲಗ್ ಕೀಳುವಷ್ಟರಲ್ಲಿ ಬಹುಪಾಲು ಮಾಯವಾಗಿತ್ತು. ಬ್ಯಾಕಪ್ ಟೇಪುಗಳಿದ್ದವು. ತೆರೆದು ನೋಡಿದರೆ ಅವು ಕೆಲವು ವಾರಗಳಿಂದ ಸರಿಯಾಗಿ ಬರೆದುಕೊಂಡೇ ಇರಲಿಲ್ಲ. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಚಿತ್ರವನ್ನು ಉಳಿಸಿದವರು ಮೇಲ್ವಿಚಾರಕಿ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್ಮನ್. ಆಗಷ್ಟೇ ಹೆರಿಗೆಯಾಗಿದ್ದ ಅವರು ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು, ಮೆಲ್ಲಗೆ ಸ್ಟುಡಿಯೊಗೆ ತಂದರು. ಕಥೆಯನ್ನು ಮುಂದೆ ಬಹುಮಟ್ಟಿಗೆ ಹೊಸದಾಗಿ ಹೆಣೆಯಲಾಯಿತು ಎಂಬುದು ಬೇರೆ ಮಾತು. ಆ ದಿನ ಮಾತ್ರ ಕೋಟ್ಯಂತರ ಡಾಲರಿನ ಶ್ರಮ ಕಂಬಳಿಯೊಳಗೆ ಬಂತು.

ಇಂಥ ಅನುಭವಗಳನ್ನೆಲ್ಲ ಹಿಂಡಿ ತೆಗೆದ ಸೂತ್ರವೊಂದನ್ನು 2000ದ ದಶಕದಲ್ಲಿ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದರು. ಅದೇ ‘3-2-1’. ಪ್ರತಿ ಕಡತಕ್ಕೂ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಜಾಗದಲ್ಲಿರಲಿ. ಕೊನೆಯ ಆ ‘ಒಂದು’ ಎಂಬ ಅಂಕೆಯೇ ಇಂಟರ್‌ನೆಟ್ ಬ್ಯಾಕಪ್ ಸೇವೆಗಳ ಹುಟ್ಟಿಗೆ ಕಾರಣ.

ಟೆಲಿಫೋನ್ ತಂತಿಯ ಕಾಲ

ಮನೆಯ ಕಡತಗಳನ್ನು ತಂತಿಯ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುವ ಯೋಚನೆ 1990ರ ದಶಕದ ಕೊನೆಯಲ್ಲೇ ವ್ಯಾಪಾರವಾಗಿ ಬಂತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟು ಆಗಿನ್ನೂ ಕೆಲವೇ ವರ್ಷ. ಮನೆಯ ಮೋಡೆಮ್ ಸೆಕೆಂಡಿಗೆ 33.6 ಕಿಲೋಬಿಟ್ ವೇಗದಲ್ಲಿ ಮಾಹಿತಿ ಕಳಿಸುತ್ತದೆ ಎಂದಿಟ್ಟುಕೊಂಡರೆ, ಒಂದು ಗಿಗಾಬೈಟ್ ಹೋಗಲು 66 ಗಂಟೆ ಬೇಕು. ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್. ಹೀಗಾಗಿ ಆ ಕಾಲದ ಸೇವೆಗಳು ಪತ್ರ, ಲೆಕ್ಕಪತ್ರಗಳಿಗಷ್ಟೇ ಸೀಮಿತವಾದವು. 1999ರಲ್ಲಿ ಶುರುವಾದ ಎಕ್ಸ್‌ಡ್ರೈವ್ 2005ರಲ್ಲಿ ಎಒಎಲ್ ಕಂಪನಿಯ ಕೈಸೇರಿ, 2009ರಲ್ಲಿ ಬಾಗಿಲು ಹಾಕಿತು.

ಬ್ರಾಡ್‌ಬ್ಯಾಂಡ್ ಬಂದಮೇಲೆ ಚಿತ್ರ ಬದಲಾಯಿತು. 2005ರ ಸುಮಾರಿಗೆ ಅಮೆರಿಕದಲ್ಲಿ ಮೋಜಿ, ಕಾರ್ಬೊನೈಟ್ ಎಂಬ ಸೇವೆಗಳು ಹುಟ್ಟಿದವು. 2007ರಲ್ಲಿ ಬ್ಯಾಕ್‌ಬ್ಲೇಜ್ ಸ್ಥಾಪನೆಯಾಯಿತು. ಅದು ತಿಂಗಳಿಗೆ ಐದು ಡಾಲರಿಗೆ ಒಂದು ಕಂಪ್ಯೂಟರಿನಲ್ಲಿರುವುದನ್ನೆಲ್ಲ, ಎಷ್ಟೇ ಇರಲಿ, ಕಾಪಿಡುವುದಾಗಿ ಹೇಳಿತು.

ಇವುಗಳ ಕೆಲಸದ ರೀತಿ ಸರಳ. ಕಂಪ್ಯೂಟರಿನಲ್ಲಿ ಕೂರುವ ಒಂದು ಪುಟ್ಟ ತಂತ್ರಾಂಶ ಹೊಸದಾಗಿ ಬಂದ, ಬದಲಾದ ಕಡತಗಳನ್ನು ಗಮನಿಸುತ್ತದೆ. ಅವನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತದೆ. ಆ ತುದಿಯಲ್ಲಿ ಒಂದು ಕಡತ ಒಂದೇ ಡಿಸ್ಕಿನಲ್ಲಿ ಕೂರುವುದಿಲ್ಲ. ಬ್ಯಾಕ್‌ಬ್ಲೇಜ್ 2015ರಲ್ಲಿ ವಿವರಿಸಿದ ಏರ್ಪಾಡಿನಂತೆ, ಕಡತವನ್ನು 17 ತುಣುಕು ಮಾಡಿ, ಗಣಿತದ ಸೂತ್ರದಿಂದ ಹೆಚ್ಚುವರಿ 3 ತುಣುಕು ಸೇರಿಸಿ, 20 ಬೇರೆ ಬೇರೆ ಯಂತ್ರಗಳಲ್ಲಿ ಇಡಲಾಗುತ್ತದೆ. ಯಾವ ಮೂರು ಕೆಟ್ಟರೂ ಉಳಿದ 17ರಿಂದ ಇಡೀ ಕಡತವನ್ನು ಮತ್ತೆ ಕಟ್ಟಬಹುದು.

ಐದು ಡಾಲರಿಗೆ ಎಷ್ಟಾದರೂ ಇಡಿ ಎಂಬುದು ಹೋಟೆಲಿನ ಫುಲ್ ಮೀಲ್ಸ್ ಲೆಕ್ಕ. ಹೆಚ್ಚು ಜನ ಎರಡು ಚಪಾತಿ, ಒಂದಿಷ್ಟು ಅನ್ನಕ್ಕೆ ಕೈತೊಳೆಯುತ್ತಾರೆ ಎಂಬ ನಂಬಿಕೆಯ ಮೇಲೆ ಬೆಲೆ ನಿಂತಿರುತ್ತದೆ. ಬಂದವರೆಲ್ಲ ಭೀಮಸೇನರಾದರೆ ಮಾಲೀಕ ಬೋರ್ಡು ಬದಲಿಸಬೇಕಾಗುತ್ತದೆ. ಫೋಟೊ, ವಿಡಿಯೊಗಳ ಗಾತ್ರ ಬೆಳೆದಂತೆ ಆದದ್ದು ಅದೇ. 2011ರಲ್ಲಿ ಮೋಜಿ ತನ್ನ ಮಿತಿಯಿಲ್ಲದ ಯೋಜನೆಯನ್ನು ಕೈಬಿಟ್ಟು 50 ಗಿಗಾಬೈಟಿಗೆ ಇಷ್ಟು ಎಂದು ದರ ಕಟ್ಟಿತು. ಅದೇ ವರ್ಷ ಥಾಯ್ಲೆಂಡಿನ ಪ್ರವಾಹದಲ್ಲಿ ಡಿಸ್ಕ್ ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಏರಿತು. ಬ್ಯಾಕ್‌ಬ್ಲೇಜಿನ ಸಿಬ್ಬಂದಿ, ಸ್ನೇಹಿತರು, ಮನೆಯವರು ಅಂಗಡಿ ಅಂಗಡಿ ತಿರುಗಿ, ಗ್ರಾಹಕರಿಗೆಂದು ಮಾರುತ್ತಿದ್ದ ಡಿಸ್ಕುಗಳನ್ನು ಒಂದೆರಡರಂತೆ ಕೊಂಡು ತಂದು, ಹೊರಕವಚ ಒಡೆದು ಯಂತ್ರಗಳಿಗೆ ಜೋಡಿಸಿದರು. ಆ ಸೇವೆಯ ಬೆಲೆಯೂ 2019ರಿಂದ ಹಂತಹಂತವಾಗಿ ಏರಿ 2023ರಲ್ಲಿ ತಿಂಗಳಿಗೆ 9 ಡಾಲರ್ ಆಯಿತು.

ಬಾಗಿಲು ಮುಚ್ಚಿದಾಗ

ಬೆಲೆ ಏರುವುದು ಸಣ್ಣ ಸಂಕಟ. ದೊಡ್ಡ ಸಂಕಟ ಬೇರೆ ಇದೆ. ನ್ಯೂಯಾರ್ಕಿನ ‘ಡಿಜಿಟಲ್ ರೈಲ್‌ರೋಡ್’ ವೃತ್ತಿಪರ ಛಾಯಾಗ್ರಾಹಕರ ಚಿತ್ರಗಳನ್ನು ಕಾಪಿಡುವ ಸೇವೆಯಾಗಿತ್ತು. 2008ರ ಅಕ್ಟೋಬರಿನಲ್ಲಿ ಹಣ ಮುಗಿದಾಗ ಅದು ಗ್ರಾಹಕರಿಗೆ ಕೊಟ್ಟ ಅವಧಿ 24 ಗಂಟೆ. ವರ್ಷಗಳ ಚಿತ್ರಗಳನ್ನು ಒಂದು ದಿನದಲ್ಲಿ ಇಳಿಸಿಕೊಳ್ಳಲು ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾವ ತಂತಿ ತಾಳೀತು?

ಹೆಸರು ದೊಡ್ಡದಾದರೆ ಭದ್ರ ಎಂಬ ಮಾತೂ ಉಳಿಯಲಿಲ್ಲ. ಫೋಟೊ ಎಂಬ ಪದಕ್ಕೇ ಪರ್ಯಾಯವಾಗಿದ್ದ ಕೊಡಾಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಇಂಟರ್‌ನೆಟ್ ಫೋಟೊ ಭಂಡಾರ ಅದೇ ವರ್ಷದ ಜುಲೈಯಲ್ಲಿ ಮುಚ್ಚಿತು. ಪುಣ್ಯಕ್ಕೆ ಅಲ್ಲಿದ್ದ ಚಿತ್ರಗಳನ್ನು ಇನ್ನೊಂದು ಕಂಪನಿಗೆ ವರ್ಗಾಯಿಸುವ ಏರ್ಪಾಡು ಆಯಿತು. ಅದೇ ಜನವರಿಯಲ್ಲಿ ಅಮೆರಿಕ ಸರ್ಕಾರ ಕೃತಿಚೌರ್ಯದ ಆರೋಪದ ಮೇಲೆ ‘ಮೆಗಾಅಪ್‌ಲೋಡ್’ ಸೇವೆಯನ್ನು ಜಪ್ತಿ ಮಾಡಿತು. ಓಹಿಯೊದಲ್ಲಿ ಶಾಲಾ ಕ್ರೀಡೆಗಳ ವಿಡಿಯೊ ತೆಗೆದು ಜೀವನ ಮಾಡುತ್ತಿದ್ದ ಒಬ್ಬಾತನ ಸ್ವಂತ ಕಡತಗಳೂ ಅದರೊಳಗೆ ಸಿಕ್ಕಿಕೊಂಡವು. ತನ್ನ ವಸ್ತುವನ್ನು ತಾನು ಪಡೆಯಲು ಆತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

2018ರ ಅಕ್ಟೋಬರಿನಲ್ಲಿ ‘ಕ್ರ್ಯಾಶ್‌ಪ್ಲಾನ್’ ಮನೆಬಳಕೆಯ ಸೇವೆಯನ್ನು ನಿಲ್ಲಿಸಿತು. ಅದು ಮಾಡಿದ ಉಪಕಾರವೆಂದರೆ 14 ತಿಂಗಳು ಮೊದಲೇ ತಿಳಿಸಿದ್ದು. ಅಮೆಜಾನ್ 2015ರಲ್ಲಿ ವರ್ಷಕ್ಕೆ 60 ಡಾಲರಿಗೆ ಮಿತಿಯಿಲ್ಲದ ಜಾಗ ಕೊಟ್ಟು, 2017ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಗೂಗಲ್ ಫೋಟೋಸ್ 2015ರ ಮೇ ತಿಂಗಳಲ್ಲಿ ಆರಂಭವಾದಾಗ, ಗಾತ್ರ ತುಸು ತಗ್ಗಿಸಿದ ಚಿತ್ರಗಳನ್ನು ಎಷ್ಟಾದರೂ ಉಚಿತವಾಗಿ ಇಡಬಹುದಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳಿಗೆ 15 ಗಿಗಾಬೈಟಿನ ಮಿತಿ ಬಂತು. ಅದರಲ್ಲೇ ಇ-ಮೇಲ್ ಕೂಡ. 2013ರಲ್ಲಿ ಒಂದು ಟೆರಾಬೈಟ್ ಉಚಿತ ಕೊಟ್ಟಿದ್ದ ಫ್ಲಿಕರ್, 2018ರಲ್ಲಿ ಒಡೆತನ ಬದಲಾದ ಮೇಲೆ ಉಚಿತ ಖಾತೆಗೆ ಸಾವಿರ ಚಿತ್ರಗಳ ಮಿತಿ ಹಾಕಿತು.

ಎಲ್ಲಕ್ಕಿಂತ ನೋವಿನದು ಮೈಸ್ಪೇಸ್ ಕಥೆ. ಒಂದು ಕಾಲದಲ್ಲಿ ಹೊಸ ಗಾಯಕರೆಲ್ಲ ತಮ್ಮ ಹಾಡುಗಳನ್ನು ಇಡುತ್ತಿದ್ದ ತಾಣ ಅದು. ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗ ಹಳೆಯ ಕಡತಗಳು ನಾಶವಾದವು ಎಂದು 2019ರ ಮಾರ್ಚ್‌ನಲ್ಲಿ ಅದು ಒಪ್ಪಿಕೊಂಡಿತು. ಹನ್ನೆರಡು ವರ್ಷಗಳಲ್ಲಿ ಸೇರಿದ್ದ, 1.4 ಕೋಟಿ ಕಲಾವಿದರ 5 ಕೋಟಿಗೂ ಮಿಕ್ಕಿದ ಹಾಡುಗಳು ಹೋದವು ಎಂದು ಅಂದಾಜು. ಮುಂದಿನ ತಿಂಗಳೇ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ 4.9 ಲಕ್ಷ ಹಾಡುಗಳನ್ನು ಮತ್ತೆ ಕೇಳಲು ಇಟ್ಟಿತು. ಅವು ಮೈಸ್ಪೇಸ್ ಉಳಿಸಿದ್ದಲ್ಲ. 2008ರಿಂದ 2010ರವರೆಗೆ ಸಂಗೀತದ ಅಧ್ಯಯನಕ್ಕಾಗಿ ಸಂಶೋಧಕರ ತಂಡವೊಂದು ತನ್ನ ಬಳಿ ನಕಲು ಮಾಡಿ ಇಟ್ಟುಕೊಂಡಿದ್ದ ಹಾಡುಗಳು. ಮೂಡಬಿದಿರೆಯ ಗುಟ್ಟಿನ ಪ್ರತಿಯಂತೆ ಇಲ್ಲಿಯೂ ಹೊರಗೆ ಹೋಗಿದ್ದದ್ದು ಉಳಿಯಿತು.

ದೂರದ ಕಣಜಕ್ಕೂ ಬೆಂಕಿ ಬೀಳುತ್ತದೆ. 2021ರ ಮಾರ್ಚ್ 10ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪನಿಯ ಒಂದು ದತ್ತಾಂಶ ಕೇಂದ್ರ ಸುಟ್ಟು ಬೂದಿಯಾಯಿತು. ಹಣ ಕೊಟ್ಟು ಬ್ಯಾಕಪ್ ಸೇವೆ ಪಡೆದಿದ್ದ ಕೆಲವು ಗ್ರಾಹಕರ ಮೂಲವೂ ಪ್ರತಿಯೂ ಅದೇ ಆವರಣದಲ್ಲಿದ್ದವು. ಎರಡೂ ಒಟ್ಟಿಗೆ ಹೋದವು.

ಕನ್ನಡಿ ಬೇರೆ, ಪ್ರತಿ ಬೇರೆ

ಗ್ರಾಹಕರು ಸಾಮಾನ್ಯವಾಗಿ ಎಡವುವುದು ಇನ್ನೊಂದು ಕಡೆ. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್, ಐಕ್ಲೌಡ್‌ನಂಥ ಸೇವೆಗಳ ಮುಖ್ಯ ಕೆಲಸ ‘ಸಿಂಕ್’, ಅಂದರೆ ಹಲವು ಸಾಧನಗಳಲ್ಲಿ ಒಂದೇ ಚಿತ್ರಣವನ್ನು ಕಾಯುವುದು. ಅದು ಕನ್ನಡಿಯ ಕೆಲಸ. ಫೋನಿನಲ್ಲಿ ಜಾಗವಿಲ್ಲವೆಂದು ಒಂದು ಫೋಟೊ ಅಳಿಸಿದರೆ ಕನ್ನಡಿಯಲ್ಲೂ ಅದು ಅಳಿಯುತ್ತದೆ. ವೈರಸ್ ಹತ್ತಿ ಕಡತ ಕೆಟ್ಟರೆ ಕೆಟ್ಟ ರೂಪವೇ ಎಲ್ಲ ಕಡೆಗೂ ಹೋಗುತ್ತದೆ. ಕಸದ ಬುಟ್ಟಿಯಿಂದ ಎತ್ತಿಕೊಳ್ಳಲು ಒಂದೆರಡು ತಿಂಗಳ ಅವಕಾಶ ಇರುತ್ತದೆ ಅಷ್ಟೇ.

ಬ್ಯಾಕಪ್‌ನ ಕೆಲಸ ಹಳೆಯದನ್ನು ನೆನಪಿಡುವುದು. ನಿನ್ನೆಯ ರೂಪ, ಹೋದ ತಿಂಗಳ ರೂಪ ಎರಡನ್ನೂ ಇಟ್ಟುಕೊಂಡು ಕೇಳಿದಾಗ ಕೊಡುವುದು. ಇಲ್ಲಿಯೂ ಕರಾರುಗಳನ್ನು ಓದಬೇಕು. ಕೆಲವು ಯೋಜನೆಗಳಲ್ಲಿ ಅಳಿಸಿದ ಕಡತ 30 ದಿನ ಮಾತ್ರ ಉಳಿಯುತ್ತದೆ. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿದ ಡಿಸ್ಕನ್ನು ಅಷ್ಟು ದಿನ ಮತ್ತೆ ಜೋಡಿಸದಿದ್ದರೆ ಅದರ ಪ್ರತಿಯನ್ನೂ ತೆಗೆದುಹಾಕುವ ನಿಯಮ ಇರಬಹುದು. ಹಳೆಯ ಮದುವೆ ವಿಡಿಯೊಗಳನ್ನು ಒಂದು ಡಿಸ್ಕಿಗೆ ತುಂಬಿ ಬೀರುವಿನಲ್ಲಿಟ್ಟವರಿಗೆ ಈ ನಿಯಮ ಮುಖ್ಯ.

ಬೀಗದ ಕೈ ಯಾರ ಬಳಿ?

ಮನೆಯ ಚಿತ್ರಗಳನ್ನು ಅಪರಿಚಿತರ ಉಗ್ರಾಣದಲ್ಲಿಡುವಾಗ ಬೀಗದ ಪ್ರಶ್ನೆ ಬರುತ್ತದೆ. ಕಡತಗಳನ್ನು ಗೂಢಲಿಪಿಗೆ ತಿರುಗಿಸುವ ಕೀಲಿ ಕಂಪನಿಯ ಬಳಿ ಇದ್ದರೆ ಮರೆತ ಗುಪ್ತಪದವನ್ನು ಅದು ಬದಲಿಸಿ ಕೊಡಬಲ್ಲದು. ತೆರೆದು ನೋಡಲೂ ಬಲ್ಲದು. ಕೀಲಿ ಗ್ರಾಹಕನ ಬಳಿ ಮಾತ್ರ ಇದ್ದರೆ ಬೇರೆ ಯಾರೂ ನೋಡಲಾರರು. ಅದು ಕಳೆದರೆ ದೇವರೂ ತೆರೆಯಲಾರ. ಆಪಲ್ 2022ರ ಕೊನೆಯಲ್ಲಿ ಐಕ್ಲೌಡ್ ಫೋಟೊಗಳಿಗೆ ಈ ಎರಡನೆಯ ಬಗೆಯ ಬೀಗವನ್ನು ಬೇಕಾದವರು ಹಾಕಿಕೊಳ್ಳಬಹುದೆಂದು ಹೇಳಿತು.

ಇದು ಬರಿಯ ತಾಂತ್ರಿಕ ಚರ್ಚೆಯಲ್ಲ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂದೆಯೊಬ್ಬ ಕಾಯಿಲೆ ಬಿದ್ದ ತನ್ನ ಪುಟ್ಟ ಮಗನ ದೇಹದ ಚಿತ್ರಗಳನ್ನು ವೈದ್ಯರಿಗೆ ತೋರಿಸಲೆಂದು ತೆಗೆದ. ಫೋನಿನಿಂದ ಅವು ತಾವಾಗಿಯೇ ಗೂಗಲ್ ಭಂಡಾರಕ್ಕೆ ಹೋದವು. ಅಲ್ಲಿನ ಯಂತ್ರ ಅವನ್ನು ಅಪರಾಧವೆಂದು ಗುರುತಿಸಿತು. ಆತನ ಖಾತೆಯೇ ಮುಚ್ಚಿತು. ಪೊಲೀಸರು ತನಿಖೆ ಮಾಡಿ ಅಪರಾಧವಿಲ್ಲ ಎಂದರೂ ಖಾತೆ ಮರಳಲಿಲ್ಲ. ಮಗನ ಬಾಲ್ಯದ ಚಿತ್ರಗಳೂ ಅದರೊಳಗೇ ಉಳಿದವು ಎಂದು 2022ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

ಇನ್ನು ಖಾತೆದಾರನೇ ತೀರಿಕೊಂಡರೆ? ಟ್ರಂಕಿನ ಬೀಗವನ್ನು ಮಕ್ಕಳು ಒಡೆಯಬಹುದು, ಗುಪ್ತಪದವನ್ನು ಒಡೆಯಲಾಗದು. ಬಹಳ ಕಾಲ ಬಳಸದ ಖಾತೆಯನ್ನು ಯಾರಿಗೆ ಒಪ್ಪಿಸಬೇಕೆಂದು ಮೊದಲೇ ಬರೆದಿಡುವ ಸೌಲಭ್ಯವನ್ನು ಗೂಗಲ್ 2013ರಲ್ಲಿ ತಂದಿತು. ಆಪಲ್ 2021ರಲ್ಲಿ ಅಂಥದೇ ವ್ಯವಸ್ಥೆ ಮಾಡಿತು. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುವುದಾಗಿ ಗೂಗಲ್ ಪ್ರಕಟಿಸಿದ ಮೇಲೆ ಈ ಏರ್ಪಾಡಿನ ಮಹತ್ವ ಇನ್ನೂ ಹೆಚ್ಚಿದೆ. ಸತ್ತವರ ಖಾತೆಯನ್ನು ಯಾರೂ ಮುಟ್ಟುವುದಿಲ್ಲ. ಮನೆಯವರಿಗೆ ಬೇಕಾದ ಚಿತ್ರಗಳಿರುವುದು ಅಲ್ಲೇ.

ಆರಿಸುವ ಮುನ್ನ

ಈ ಚರಿತ್ರೆಯಿಂದ ಹೊರಡುವ ಪ್ರಶ್ನೆಗಳು ಕೆಲವೇ. ಇದು ಕನ್ನಡಿಯೋ ಬ್ಯಾಕಪ್ಪೋ? ಅಳಿಸಿದ್ದು ಎಷ್ಟು ದಿನ ಉಳಿಯುತ್ತದೆ? ಚಿತ್ರದ ಗಾತ್ರವನ್ನು ತಗ್ಗಿಸದೆ ಮೂಲ ರೂಪದಲ್ಲೇ ಇಡುತ್ತದೆಯೇ? ಕೀಲಿ ಯಾರ ಬಳಿ? ಬೆಲೆ ಯಾವ ಲೆಕ್ಕದ ಮೇಲೆ ನಿಂತಿದೆ? ಅಗ್ಗದ ದರ ನೋಡಿ ಒಳಗೆ ಹೋಗುವುದಕ್ಕಿಂತ, ಹೊರಗೆ ಬರುವ ದಾರಿ ಎಷ್ಟು ಅಗಲವಿದೆ ಎಂದು ಮೊದಲು ನೋಡುವುದು ಜಾಣತನ.

ಹೊರಬರುವುದಕ್ಕೆ ಸಮಯದ ಲೆಕ್ಕವೂ ಬೇಕು. 500 ಗಿಗಾಬೈಟಿನ ಸಂಗ್ರಹವನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕಳಿಸಿದರೆ, ಎಡೆಬಿಡದೆ ಹೋದರೂ ಸುಮಾರು 56 ಗಂಟೆ ಹಿಡಿಯುತ್ತದೆ. ದಿನಕ್ಕಿಷ್ಟು ಎಂದು ಮಿತಿ ಇರುವ ಮೊಬೈಲ್ ಸಂಪರ್ಕದಲ್ಲಾದರೆ ತಿಂಗಳುಗಳೇ ಬೇಕು. ಹೀಗಾಗಿಯೇ ಕೆಲವು ಸೇವೆಗಳು ಗ್ರಾಹಕ ಕೇಳಿದರೆ ಎಲ್ಲವನ್ನೂ ಡಿಸ್ಕಿಗೆ ತುಂಬಿ ಕೊರಿಯರ್‌ನಲ್ಲಿ ಕಳಿಸುತ್ತವೆ. ಆ ಅನುಕೂಲ ಭಾರತದ ವಿಳಾಸಕ್ಕೂ ಇದೆಯೇ ಎಂಬುದನ್ನು ಸೇರುವ ಮೊದಲೇ ಕೇಳಿಕೊಳ್ಳಬೇಕು.

ಮನೆಯಲ್ಲೊಂದು ಡಿಸ್ಕು, ದೂರದಲ್ಲೊಂದು ಸೇವೆ, ಮೂಲ ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ. ಅಲ್ಲಿಗೆ ಮೂರು ಪ್ರತಿಯಾಯಿತು. ಒಂದು ಸೇವೆ ಮುಚ್ಚಿದರೆ ಡಿಸ್ಕಿನಿಂದ ಇನ್ನೊಂದಕ್ಕೆ ಕಳಿಸಬಹುದು. ಮನೆಗೆ ನೀರು ನುಗ್ಗಿದರೆ ಸೇವೆಯಿಂದ ಮರಳಿ ತರಬಹುದು. ಪಿಕ್ಸಾರ್‌ಗೆ ಆದದ್ದು ಆಗದಿರಲು ವರ್ಷಕ್ಕೆ ಎರಡು ಸಲವಾದರೂ ಯಾವುದಾದರೂ ನಾಲ್ಕು ಹಳೆಯ ಫೋಟೊಗಳನ್ನು, ಒಂದು ವಿಡಿಯೊವನ್ನು ಆ ದೂರದ ಪ್ರತಿಯಿಂದ ಇಳಿಸಿ ತೆರೆದು ನೋಡಬೇಕು. 2011ರಿಂದ ಮಾರ್ಚ್ 31ನ್ನು ‘ವಿಶ್ವ ಬ್ಯಾಕಪ್ ದಿನ’ ಎಂದು ಆಚರಿಸುವ ರೂಢಿ ಬಂದಿದೆ. ನಮ್ಮವರಿಗೆ ಆಯುಧಪೂಜೆಯ ದಿನವೂ ಆದೀತು; ಕಂಪ್ಯೂಟರಿಗೆ ಕುಂಕುಮ ಇಡುವ ಮೊದಲು ಅದರೊಳಗಿನ ಪ್ರತಿಯನ್ನೊಮ್ಮೆ ನೋಡಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಯಂತ್ರ ಮಾಡಲಾಗದ ಒಂದು ಕೆಲಸ ಉಳಿಯುತ್ತದೆ. ಇಪ್ಪತ್ತು ಸಾವಿರ ಚಿತ್ರಗಳ ರಾಶಿಯಲ್ಲಿ ಅಜ್ಜಿ ಯಾರು, ಆ ಮನೆ ಯಾವ ಊರಿನದು ಎಂದು ಬರೆದಿಡದಿದ್ದರೆ, ಮೂರು ಪ್ರತಿ ಇದ್ದರೂ ಮೊಮ್ಮಕ್ಕಳಿಗೆ ಅದು ಅಪರಿಚಿತರ ಗುಂಪು. ಹಳೆಯ ಆಲ್ಬಮ್ಮಿನಲ್ಲಿ ಫೋಟೊದ ಹಿಂದೆ ಪೆನ್ನಿನಿಂದ ಹೆಸರು, ತಾರೀಖು ಬರೆಯುತ್ತಿದ್ದ ಹಿರಿಯರಿಗೆ ಅದು ಗೊತ್ತಿತ್ತು. ಆರಿಸಿದ ನೂರು ಚಿತ್ರಗಳಿಗೆ ಹೆಸರು ಬರೆದು, ಅಕ್ಕನ ಮನೆಗೆ, ತಮ್ಮನ ಮನೆಗೆ, ಮಗಳ ಮನೆಗೆ ಒಂದೊಂದು ಪ್ರತಿ ಕೊಟ್ಟರೆ ಅದಕ್ಕೆ ತಿಂಗಳ ಬಾಡಿಗೆ ಇಲ್ಲ, ಮುಚ್ಚುವ ಭಯವೂ ಇಲ್ಲ. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಸಿ ಒಂದೇ ಭಂಡಾರದಲ್ಲಿ ಪೇರಿಸಿಡಲಿಲ್ಲ. ಹಂಚಿದಳು.